ಎಣ್ಣೆಯಿಲ್ಲದೆ ತಿರುಗುವ ಉಕ್ಕು

1991ರ ಏಪ್ರಿಲ್ ತಿಂಗಳು. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಗೆ ಅದರ ದೊಡ್ಡ ಆಂಟೆನಾವನ್ನು ಬಿಚ್ಚುವಂತೆ ಭೂಮಿಯಿಂದ ಆದೇಶ ಹೋಯಿತು. ಕೊಡೆಯಂತೆ ಮಡಿಸಿದ್ದ ಆ ಆಂಟೆನಾಕ್ಕೆ 18 ಕಡ್ಡಿಗಳು. ಮೋಟಾರುಗಳು ತಿರುಗಿದವು, ಆದರೆ ಕೆಲವು ಕಡ್ಡಿಗಳು ಕದಲಲಿಲ್ಲ. ಅವುಗಳನ್ನು ಹಿಡಿದಿಟ್ಟಿದ್ದ ಟೈಟೇನಿಯಮ್ ಗೂಟಗಳ ಮೇಲೆ ಜಾರಿಕೆಗೆಂದು ಬಳಿದಿದ್ದ ಒಣ ಲೇಪ ಉಜ್ಜಿಹೋಗಿರಬೇಕು ಎಂದು ಎಂಜಿನಿಯರುಗಳು ತೀರ್ಮಾನಿಸಿದರು. ಉಡಾವಣೆಗೆ ಮುನ್ನ ನೌಕೆಯನ್ನು ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾಗಳ ನಡುವೆ ಮತ್ತೆ ಮತ್ತೆ ಲಾರಿಯಲ್ಲಿ ಸಾಗಿಸಿದ್ದರು. ಆ ಕುಲುಕಾಟದಲ್ಲೇ ಲೇಪ ಸವೆದಿತ್ತು. ಆಂಟೆನಾ ಕೊನೆಗೂ ಪೂರ್ತಿ ತೆರೆಯಲಿಲ್ಲ.

ಇಷ್ಟು ಮುಖ್ಯವಾದ ಜಾಗಕ್ಕೆ ಎಣ್ಣೆಯನ್ನೋ ಗ್ರೀಸನ್ನೋ ಏಕೆ ಹಾಕಲಿಲ್ಲ? ನಿರ್ವಾತದಲ್ಲಿ ಸಾಮಾನ್ಯ ಎಣ್ಣೆ ಆವಿಯಾಗುತ್ತದೆ, ಆ ಆವಿ ಪಕ್ಕದ ಮಸೂರದ ಮೇಲೆ ಹೋಗಿ ಕೂರುತ್ತದೆ. ಕಡುಚಳಿಯಲ್ಲಿ ಅದು ಗಟ್ಟಿಯಾಗುತ್ತದೆ, ಕುಲುಮೆಯ ಬಿಸಿಯಲ್ಲಿ ಕರಕಲಾಗುತ್ತದೆ. ಹಾಗೆಂದು ಬರಿಯ ಉಕ್ಕನ್ನು ಉಕ್ಕಿನ ಮೇಲೆ ಓಡಿಸುವಂತೆಯೂ ಇಲ್ಲ. ಗಾಳಿಯಲ್ಲಿ ಉಕ್ಕಿನ ಮೈಮೇಲೆ ಆಕ್ಸೈಡಿನ ತೆಳುಪೊರೆ ಇರುತ್ತದೆ. ಉಜ್ಜಿದಾಗ ಹರಿದರೂ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ನಿರ್ವಾತದಲ್ಲಿ ಹರಿದ ಪೊರೆ ಹರಿದದ್ದೇ. ಶುದ್ಧ ಲೋಹ ಶುದ್ಧ ಲೋಹಕ್ಕೆ ತಾಗಿ, ಬೆಂಕಿಯ ಹಂಗಿಲ್ಲದೆ ಬೆಸೆದುಕೊಳ್ಳುತ್ತದೆ.

ಇಂಥಲ್ಲಿ ಬೇರಿಂಗಿನ ಗುಂಡುಗಳಿಗೂ ಅವು ಉರುಳುವ ಹಾದಿಗೂ ಒಣ ಲೇಪ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಬೂದುಗಪ್ಪು ವಸ್ತು. ಇದರ ಒಂದೊಂದು ಪದರದಲ್ಲೂ ನಡುವೆ ಮಾಲಿಬ್ಡಿನಮ್, ಎರಡು ಬದಿಗೆ ಗಂಧಕ. ಪದರದ ಒಳಗಿನ ಬಂಧ ಬಲು ಗಟ್ಟಿ. ಆದರೆ ಪದರ ಪದರಗಳು ಎದುರಾಗುವಲ್ಲಿ ಗಂಧಕಕ್ಕೆ ಗಂಧಕವೇ ಮುಖಮಾಡಿರುವುದರಿಂದ ಸೆಳೆತ ತೀರಾ ದುರ್ಬಲ, ಹಾಗಾಗಿ ಅಲ್ಲಿ ಜಾರುವುದು ಸುಲಭ. ಪದರವಿದ್ದ ಮಾತ್ರಕ್ಕೆ ಎಲ್ಲವೂ ಹೀಗೆ ಜಾರುವುದಿಲ್ಲ ಎಂಬುದಕ್ಕೆ ಕಾಗೆಬಂಗಾರವೇ ಸಾಕ್ಷಿ. ಉಗುರಿನಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಏಳುವ ಅದು ಬೇರಿಂಗಿಗೆ ಬಾರದು, ಏಕೆಂದರೆ ಅದರ ಪದರಗಳನ್ನು ಪೊಟ್ಯಾಸಿಯಮ್ ಅಯಾನುಗಳು ಬಿಗಿಯಾಗಿ ಹಿಡಿದಿಟ್ಟಿರುತ್ತವೆ.

ನನ್ನನ್ನು ಅತಿ ಹೆಚ್ಚು ಸೆಳೆದದ್ದು ಗ್ರಾಫೈಟಿನ ಕಥೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಈ ಇಂಗಾಲ ತನ್ನಷ್ಟಕ್ಕೇ ಜಾರುತ್ತದೆ ಎಂದೇ ಬಹುಕಾಲ ನಂಬಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳು ಬಹಳ ಎತ್ತರದಲ್ಲಿ ಹಾರತೊಡಗಿದಾಗ ಅವುಗಳ ಜನರೇಟರಿನಲ್ಲಿ ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ಸಾಗಿಸುವ ಇಂಗಾಲದ ಬ್ರಷ್‌ಗಳು ನೋಡನೋಡುತ್ತಲೇ ಪುಡಿಪುಡಿಯಾದವು. ಅಲ್ಲಿ ಇಲ್ಲದೇ ಹೋದದ್ದು ನೀರಾವಿ. ಗ್ರಾಫೈಟ್ ಪದರಗಳ ಅಂಚಿನ ಪರಮಾಣುಗಳು ಸಿಕ್ಕಿದ್ದಕ್ಕೆ ಅಂಟಿಕೊಳ್ಳಲು ಕಾದಿರುತ್ತವೆ. ನೀರಿನಂಥ ಅಣುಗಳು ಹೋಗಿ ಕೂತರೆ ಅವು ಸುಮ್ಮನಾಗುತ್ತವೆ. ಜಾರಿಕೆಯಲ್ಲಿ ಅರ್ಧ ಪಾಲು ಗಾಳಿಯದಾಗಿತ್ತು, ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾಲಿಬ್ಡಿನಮ್ ಡೈಸಲ್ಫೈಡಿನ ಸ್ವಭಾವ ಇದಕ್ಕೆ ತದ್ವಿರುದ್ಧ. ನಿರ್ವಾತದಲ್ಲಿ ಅದರ ಘರ್ಷಣಾಂಕ (ಉಜ್ಜುವಾಗಿನ ತಡೆಯ ಅಳತೆ, ಕಡಿಮೆಯಾದಷ್ಟೂ ಜಾರಿಕೆ ಹೆಚ್ಚು) 0.05ಕ್ಕಿಂತಲೂ ಕೆಳಗಿಳಿಯಬಲ್ಲದು, ತೇವದ ಗಾಳಿಯಲ್ಲಿ ಸುಮಾರು 0.15ಕ್ಕೆ ಏರುತ್ತದೆ, ಸವೆತವೂ ಹೆಚ್ಚುತ್ತದೆ. ಆದ್ದರಿಂದ ಬಾಹ್ಯಾಕಾಶಕ್ಕೆಂದು ಮಾಡಿದ ಬೇರಿಂಗನ್ನು ತೇವದ ಗಾಳಿಯಲ್ಲಿ ತಿರುಗಿಸಿ ನೋಡಿದಷ್ಟೂ ಅದರ ಆಯುಷ್ಯ ಕರಗುತ್ತದೆ. ಪರೀಕ್ಷೆಯನ್ನು ನಿರ್ವಾತದಲ್ಲೋ ಒಣ ನೈಟ್ರೋಜನ್‌ನಲ್ಲೋ ಮಾಡಬೇಕಾಗುತ್ತದೆ.

ಗುಂಡಿನ ಬೇರಿಂಗಿಗೆ ಈ ಲೇಪ ಸುಮಾರು ಒಂದು ಮೈಕ್ರೋಮೀಟರ್ ದಪ್ಪವಿದ್ದರೆ ಸಾಕು. ಇನ್ನಷ್ಟು ದಪ್ಪ ಬಳಿದರೆ ಒಳ್ಳೆಯದಲ್ಲವೇ ಎನಿಸಬಹುದು. ಅಲ್ಲ. ಭಾರ ಹೊರುವ ಕೆಲಸ ಗಟ್ಟಿ ಉಕ್ಕಿನದು, ಜಾರುವ ಕೆಲಸ ಮಾತ್ರ ಲೇಪದ್ದು. ಲೇಪ ದಪ್ಪವಾದರೆ ಭಾರ ಅದರ ಮೇಲೇ ಬಿದ್ದು, ತಾಗುವ ಜಾಗ ಹರಡಿ ಘರ್ಷಣೆ ಏರುತ್ತದೆ. ಇದೇ ತತ್ತ್ವದಿಂದ ಸೀಸ, ಬೆಳ್ಳಿಯಂಥ ಮೆದು ಲೋಹಗಳೂ ಒಣ ಲೇಪವಾಗಿ ದುಡಿಯುತ್ತವೆ. ಆಸ್ಪತ್ರೆಯ ಎಕ್ಸ್-ರೇ ಕೊಳವೆಯೊಳಗೆ, ನಿರ್ವಾತದಲ್ಲಿ, ಸುಡುವ ಬಿಸಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಿಲ್ಲೆಯ ಬೇರಿಂಗುಗಳಿಗೆ ಇವೇ ಆಸರೆ.

ಎಣ್ಣೆಗೆ ಇರುವ ಒಂದು ಗುಣ ಮಾತ್ರ ಯಾವ ಒಣ ಲೇಪಕ್ಕೂ ಇಲ್ಲ: ಸರಿದ ಜಾಗಕ್ಕೆ ಹರಿದು ಮರಳುವುದು. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಪಂಜರವನ್ನು ಟೆಫ್ಲಾನ್, ಗಾಜಿನ ಎಳೆ ಮತ್ತು ಮಾಲಿಬ್ಡಿನಮ್ ಡೈಸಲ್ಫೈಡ್ ಕೂಡಿಸಿ ಮಾಡುತ್ತಾರೆ. ಉರುಳುವ ಗುಂಡು ಪಂಜರಕ್ಕೆ ತಾಗಿದಾಗಲೆಲ್ಲ ಟೆಫ್ಲಾನಿನ ಚೂರು ಪೊರೆಯನ್ನು ಮೈಗೆ ಮೆತ್ತಿಕೊಂಡು ಹಾದಿಗೆ ಬಳಿಯುತ್ತದೆ. ಮೂಲ ಲೇಪ ತೆಳುವಾಗುತ್ತ ಹೋದಂತೆ ಪಂಜರ ತನ್ನನ್ನು ತೇಯ್ದುಕೊಂಡು ಆ ಕೊರತೆಯನ್ನು ತುಂಬುತ್ತದೆ. ಪಂಜರ ಹೆಚ್ಚು ತೇಯ್ದರೆ ಪುಡಿ ಹಾದಿಯಲ್ಲಿ ಗುಡ್ಡೆಯಾಗಿ ಗುಂಡು ತಡವರಿಸುತ್ತದೆ, ಕಡಿಮೆ ತೇಯ್ದರೆ ಉಕ್ಕು ಬಯಲಾಗುತ್ತದೆ. ಈ ಹದ ಹಿಡಿಯಲು ಪ್ರಯೋಗಶಾಲೆಗಳಲ್ಲಿ ಬೇರಿಂಗುಗಳನ್ನು ನಿರ್ವಾತದ ಡಬ್ಬಿಯೊಳಗೆ ತಿಂಗಳುಗಟ್ಟಲೆ ತಿರುಗಲು ಬಿಟ್ಟು ಕಾಯುತ್ತಾರೆ.