ಮೆಟ್ರೋ ನಿಲ್ದಾಣಕ್ಕೆ ಫೀಡರ್ ಬಸ್ ಬೇಕಾದರೆ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನಮ್ಮ ಬಡಾವಣೆಯಿಂದ ಮೆಟ್ರೋ ನಿಲ್ದಾಣ ಆರು ಕಿಲೋಮೀಟರ್ ದೂರ. ಫೀಡರ್ ಬಸ್ ಬಿಡಿ ಎಂದರೆ ಒಂದು ಕಚೇರಿಯವರು ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಬೆಂಗಳೂರಿಗೆ ಬಿಎಂಎಲ್‌ಟಿಎ ಎಂಬ ಸಾರಿಗೆ ಪ್ರಾಧಿಕಾರ ಬಂದಿದೆಯಲ್ಲ, ನೇರ ಅದಕ್ಕೇ ಬರೆಯಬಹುದೇ?

ಉತ್ತರ: ಅರ್ಜಿ ಬಿಎಂಟಿಸಿಗೆ, ಪ್ರತಿ ಮಾತ್ರ ಬಿಎಂಎಲ್‌ಟಿಎಗೆ. ಪ್ರಾಧಿಕಾರ ಬಸ್ ಓಡಿಸುವುದಿಲ್ಲ, ಅದಕ್ಕೆ ಡಿಪೋ ಇಲ್ಲ, ಚಾಲಕರಿಲ್ಲ. ಹಾಗಾದರೆ ಅದು ಯಾಕಿದೆ ಎನ್ನುವುದು ನಿಮ್ಮ ಬಸ್ಸಿನ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಆರು ಕಿಲೋಮೀಟರ್ ಮಾರ್ಗದಲ್ಲಿ ಬಸ್ಸು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದರೆ ಹೋಗಲು 24 ನಿಮಿಷ, ಬರಲು 24. ಎರಡೂ ತುದಿಯಲ್ಲಿ ನಿಲ್ಲುವ ಹೊತ್ತು ಸೇರಿಸಿ ಒಂದು ಸುತ್ತಿಗೆ ಒಂದು ಗಂಟೆ ಎನ್ನಿ. ಹತ್ತು ನಿಮಿಷಕ್ಕೊಂದು ಬಸ್ ಬೇಕೆಂದರೆ ಆರು ಬಸ್ಸು ಅದಕ್ಕೇ ಮೀಸಲು. ಅರ್ಧ ಗಂಟೆಗೊಂದಾದರೆ ಎರಡು ಸಾಕು, ಆದರೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಆಟೋ ಹತ್ತುತ್ತಾರೆ. ಆಮೇಲೆ ‘ಜನ ಬರುತ್ತಿಲ್ಲ’ ಎಂದು ಷೆಡ್ಯೂಲ್ ರದ್ದಾಗುತ್ತದೆ. ಫೀಡರ್ ಮಾರ್ಗಗಳು ಹೆಚ್ಚಾಗಿ ಸಾಯುವುದು ಹೀಗೇ.

ಖರ್ಚು ಯಾರದ್ದು ನೋಡಿ. ಡೀಸೆಲ್ಲು ಅಥವಾ ಕರೆಂಟು, ಸಿಬ್ಬಂದಿ, ಡಿಪೋದಿಂದ ಖಾಲಿ ಓಡುವ ಕಿಲೋಮೀಟರು ಎಲ್ಲ ಬಿಎಂಟಿಸಿಯದ್ದು. ಮಾರ್ಗ ಚಿಕ್ಕದಾದ್ದರಿಂದ ಟಿಕೆಟ್ ದರವೂ ಚಿಕ್ಕದು. ಲಾಭ ಹೋಗುವುದು ಮೆಟ್ರೋಗೆ, ಅಲ್ಲಿ ಪ್ರಯಾಣಿಕರು ಹೆಚ್ಚುತ್ತಾರೆ. ತಂಗುದಾಣ, ಫುಟ್‌ಪಾತ್ ಪಾಲಿಕೆಯ ಕೆಲಸ, ಅದೂ ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ. ಯು-ಟರ್ನ್, ಪಾರ್ಕಿಂಗ್ ನಿಷೇಧ ಸಂಚಾರ ಪೊಲೀಸರದ್ದು. ಯಾರ ಲೆಕ್ಕಪುಸ್ತಕದಲ್ಲೂ ಈ ಬಸ್ಸು ಗಿಟ್ಟುವುದಿಲ್ಲ, ಊರಿನ ಲೆಕ್ಕದಲ್ಲಿ ಮಾತ್ರ ಗಿಟ್ಟುತ್ತದೆ. ಊರಿನ ಲೆಕ್ಕ ಹಿಡಿಯುವುದಕ್ಕೆ ಒಂದು ಸಂಸ್ಥೆ ಬೇಕೆಂದೇ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ದೊಡ್ಡ ನಗರಗಳಿಗೆ ಏಕೀಕೃತ ಪ್ರಾಧಿಕಾರ ಸೂಚಿಸಿತು. ಬೆಂಗಳೂರಿನಲ್ಲಿ 2007ರಲ್ಲಿ ಸರ್ಕಾರಿ ಆದೇಶದ ಮೂಲಕ ಬಿಎಂಎಲ್‌ಟಿಎ ಹುಟ್ಟಿತು. ಆದೇಶದಿಂದ ಹುಟ್ಟಿದ ಸಮಿತಿ ಸಲಹೆ ಕೊಡಬಹುದಿತ್ತೇ ಹೊರತು ಯಾರನ್ನೂ ತಡೆಯುವಂತಿರಲಿಲ್ಲ. ಡಿಸೆಂಬರ್ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿದ ಮೇಲೆ ಅದಕ್ಕೆ ಕಾನೂನಿನ ಬಲ ಬಂತು. ಮುಖ್ಯಮಂತ್ರಿಯೇ ಅಧ್ಯಕ್ಷರು.

ಇಂಥ ಸಂಸ್ಥೆಯ ಕಸುವು ಇರುವುದು ಅದು ಯಾವ ಹಣವನ್ನು ತಡೆದು ನಿಲ್ಲಿಸಬಲ್ಲದು ಎನ್ನುವುದರಲ್ಲಿ. ಅಮೆರಿಕದಲ್ಲಿ 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಕ್ಕೆಲ್ಲ ಪ್ರಾದೇಶಿಕ ಸಾರಿಗೆ ಯೋಜನಾ ಸಂಸ್ಥೆ ಕಡ್ಡಾಯ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಅಂಥದೇ ಸಂಸ್ಥೆಯಾದ ಎಂಟಿಸಿ ಎಂದರೆ ಗೊತ್ತಿರುತ್ತದೆ, ಒಂಬತ್ತು ಕೌಂಟಿಗಳಿಗೆ ಅದೊಂದೇ. ಅಲ್ಲಿ ಸಂಸ್ಥೆಯ ನಾಲ್ಕು ವರ್ಷದ ಪಟ್ಟಿಯಲ್ಲಿ ಹೆಸರಿಲ್ಲದ ಕಾಮಗಾರಿಗೆ ಕೇಂದ್ರದ ಸಾರಿಗೆ ಅನುದಾನ ಸಿಗುವುದಿಲ್ಲ, ಪಟ್ಟಿಯೂ ಕೈಯಲ್ಲಿರುವ ಮತ್ತು ಬರುವುದೆಂದು ಸಕಾರಣವಾಗಿ ನಿರೀಕ್ಷಿಸಬಹುದಾದ ಹಣದ ಮಿತಿಯೊಳಗೇ ಇರಬೇಕು. ನಮ್ಮಲ್ಲಿ ಅದಕ್ಕೆ ಸಮೀಪದ್ದೆಂದರೆ 2017ರ ಮೆಟ್ರೋ ರೈಲು ನೀತಿ. ಮೆಟ್ರೋಗೆ ಕೇಂದ್ರದ ನೆರವು ಬೇಕಾದರೆ ಸಮಗ್ರ ಸಂಚಾರ ಯೋಜನೆ ಇರಬೇಕು, ಏಕೀಕೃತ ಪ್ರಾಧಿಕಾರಕ್ಕೆ ರಾಜ್ಯ ಒಪ್ಪಿರಬೇಕು. ಫ್ಲೈಓವರ್, ಸುರಂಗ ರಸ್ತೆಗಳಿಗೆ ಆ ಬಿಗಿ ಇಲ್ಲ. ಬಜೆಟ್ ಭಾಷಣದಲ್ಲಿ ಮೊದಲು ಘೋಷಣೆ, ಯೋಜನೆಯಲ್ಲಿ ಜಾಗ ಹುಡುಕುವುದು ಆಮೇಲೆ.

ಯೋಜನೆಯ ಒಳಗೂ ಒಂದು ತೊಡಕಿದೆ. ರಸ್ತೆಯ ಸಾಮರ್ಥ್ಯ ಅಳೆಯುವಾಗ ವಾಹನಗಳನ್ನೆಲ್ಲ ಕಾರಿಗೆ ಸಮೀಕರಿಸುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ದಟ್ಟಣೆಯಲ್ಲಿ ಬಸ್ಸುಗಳ ಪಾಲಿಗೆ ತಕ್ಕಂತೆ ಒಂದು ಬಸ್ಸು 2.2ರಿಂದ 3.7 ಕಾರಿಗೆ ಸಮ. ಅದರಲ್ಲಿ ಅರವತ್ತು ಜನ ಕೂತು ನಿಂತು ಹೋಗುತ್ತಿದ್ದರೂ ಅಷ್ಟೇ. ವಾಹನ ಎಣಿಸಿದರೆ ಬಸ್ಸು ಅಡ್ಡಿಯಂತೆ ಕಾಣುತ್ತದೆ, ತಲೆ ಎಣಿಸಿದರೆ ಹಾಗಲ್ಲ. ಯಾವ ಸಂಚಾರ ವರದಿ ಕೈಗೆ ಬಂದರೂ ಮೊದಲು ನೋಡಬೇಕಾದ್ದು ಅದರ ಕೋಷ್ಟಕಗಳು ಗಂಟೆಗೆ ಎಷ್ಟು ವಾಹನ ಎನ್ನುತ್ತವೋ, ಎಷ್ಟು ಜನ ಎನ್ನುತ್ತವೋ ಎಂಬುದನ್ನು.

ಇನ್ನು ನಿಮ್ಮ ಅರ್ಜಿ. ‘ನಾಗರಿಕರಿಗೆ ತೊಂದರೆಯಾಗುತ್ತಿದೆ’ ಎಂಬ ಒಕ್ಕಣೆ ಕಡತದಲ್ಲೇ ಉಳಿಯುತ್ತದೆ. ವಾರದ ಮಧ್ಯದ ಒಂದು ದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಷೇರ್ ಆಟೋ ಹತ್ತುವವರನ್ನು ಎಣಿಸಿ, ಸಂಜೆಯೂ ಎಣಿಸಿ. ರಸ್ತೆಯ ಅತಿ ಕಿರಿದಾದ ಜಾಗದ ಅಗಲ, ತಗ್ಗಿದ ತಂತಿ, ಮರದ ಕೊಂಬೆ ಬರೆಯಿರಿ. 12 ಮೀಟರ್ ಉದ್ದದ ಬಸ್ಸು ಹಿಂದೆ ಮುಂದೆ ಹೋಗದೆ ತಿರುಗಲು ಹೆಚ್ಚುಕಡಿಮೆ ಅಷ್ಟೇ ತ್ರಿಜ್ಯದ ಜಾಗ ಬೇಕು. ಅಷ್ಟಿಲ್ಲದಿದ್ದರೆ 9 ಮೀಟರಿನ ಮಿಡಿ ಬಸ್ಸನ್ನೇ ಕೇಳಿ.

ಹೊಸ ಮಾರ್ಗಕ್ಕಿಂತ ಹತ್ತಿರದ ಹಳೆ ಮಾರ್ಗವನ್ನು ವಿಸ್ತರಿಸುವುದು ಬೇಗ ಆಗುವ ಕೆಲಸ. ಆದರೆ ಎರಡು ಕಿ.ಮೀ. ಸೇರಿಸಿದರೆ ಸುತ್ತಿಗೆ 16 ನಿಮಿಷ ಹೆಚ್ಚುತ್ತದೆ. ಆ ಹಳೆ ಮಾರ್ಗದಲ್ಲೂ ಒಂದು ಗಂಟೆಯ ಸುತ್ತಿಗೆ ಆರು ಬಸ್ಸಿದ್ದರೆ, ಹತ್ತು ನಿಮಿಷಕ್ಕೊಂದಿದ್ದದ್ದು ಹದಿಮೂರಕ್ಕೊಂದಾಗುತ್ತದೆ, ಈಗ ಹತ್ತುತ್ತಿರುವವರು ತಕರಾರು ತೆಗೆಯುತ್ತಾರೆ. ಹಾಗಾಗಿ ಟ್ರಿಪ್ ಬಿಟ್ಟು ಟ್ರಿಪ್ ಮಾತ್ರ, ಅದೂ ಬೆಳಿಗ್ಗೆ ಸಂಜೆ ಮಾತ್ರ ವಿಸ್ತರಿಸಿ ಎಂದು ಕೇಳಿ.