ನೇವಾರರು ಹಿಂದೂಗಳಾ, ಬೌದ್ಧರಾ?

ನೇಪಾಳ ನೋಡಿ ಬಂದವರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ: "ಕಠ್ಮಂಡುವಿನಲ್ಲಿ ಸ್ತೂಪಕ್ಕೂ ಕೈಮುಗೀತಾರೆ, ಪಶುಪತಿನಾಥನಿಗೂ ಕೈಮುಗೀತಾರೆ. ಆ ಕಣಿವೆಯ ಮೂಲನಿವಾಸಿಗಳಾದ ನೇವಾರರು ನಿಜವಾಗಿ ಯಾವ ಧರ್ಮದವರು?"

ಎರಡೂ ಧರ್ಮದವರು ಇದ್ದಾರೆ. ಆದರೆ ಯಾವ ದೇವರಿಗೆ ಕೈಮುಗಿಯುತ್ತಾರೆ ಅಂತ ನೋಡಿದರೆ ಇದು ಗೊತ್ತಾಗುವುದಿಲ್ಲ, ಮನೆಗೆ ಯಾವ ಪುರೋಹಿತರು ಬರುತ್ತಾರೆ ಅಂತ ನೋಡಬೇಕು. ಶುಭ ಅಶುಭ ಕಾರ್ಯಗಳಿಗೆ ಬ್ರಾಹ್ಮಣರು, ಅಂದರೆ ದೇವಭಾಜು ಬಂದರೆ ಆ ಮನೆಯವರು ಶಿವಮಾರ್ಗಿಗಳು. ವಜ್ರಾಚಾರ್ಯರು, ಅಂದರೆ ಗುಭಾಜು ಬಂದರೆ ಬುದ್ಧಮಾರ್ಗಿಗಳು. ಈ ವಜ್ರಾಚಾರ್ಯರು ಸಂಸಾರಸ್ಥರು. ಅವರ ಮತ್ತು ಶಾಕ್ಯರೆಂಬ ಇನ್ನೊಂದು ಬೌದ್ಧ ಜಾತಿಯವರ ಮನೆಯ ಹುಡುಗರು ಚಿಕ್ಕಂದಿನಲ್ಲಿ ತಲೆ ಬೋಳಿಸಿಕೊಂಡು ಕೆಲವೇ ದಿನ ಭಿಕ್ಷುಗಳಾಗಿದ್ದು, ಆಮೇಲೆ ಆ ಬಟ್ಟೆ ತೆಗೆದಿಟ್ಟು ಮನೆಗೆ ಮರಳುತ್ತಾರೆ.

ಜಾತ್ರೆಗೆ ಮಾತ್ರ ಎಲ್ಲರೂ ಬರುತ್ತಾರೆ. ಕಠ್ಮಂಡು ಪಕ್ಕದ ಪಾಟನ್‌ನ ರಾತೋ ಮಛಿಂದ್ರನಾಥನ ರಥವನ್ನೇ ನೋಡಿ. ರಾತೋ ಅಂದರೆ ಕೆಂಪು, ಮೂರ್ತಿಯ ಬಣ್ಣವೂ ಅದೇ. ಹಿಂದೂಗಳಿಗೆ ಅವನು ನಾಥಪಂಥದ ಗುರು ಮತ್ಸ್ಯೇಂದ್ರನಾಥ, ಬೌದ್ಧರಿಗೆ ಕರುಣಾಮಯ ಬೋಧಿಸತ್ವ ಅವಲೋಕಿತೇಶ್ವರ, ಸುತ್ತಲಿನ ರೈತರಿಗೆ ಮಳೆ ತರುವ ಬುಂಗದ್ಯಃ, ಅಂದರೆ ಬುಂಗಮತಿಯ ದೇವರು. ಅವನ ಶಿಷ್ಯ ಗೋರಖನಾಥ ಮಳೆ ತರುವ ನಾಗಗಳ ಮೇಲೆ ಕೂತುಬಿಟ್ಟಿದ್ದರಿಂದ ಹನ್ನೆರಡು ವರ್ಷ ಮಳೆ ಬರಲಿಲ್ಲವಂತೆ. ಅವನು ಏಳಬೇಕಾದರೆ ಗುರುವೇ ಬರಬೇಕು ಅಂತ ರಾಜ ನರೇಂದ್ರದೇವ, ಬಂಧುದತ್ತ ಎಂಬ ವಜ್ರಾಚಾರ್ಯ, ಲಲಿತ ಎಂಬ ರೈತ ಮೂವರೂ ಕಾಮರೂಪಕ್ಕೆ, ಅಂದರೆ ಇಂದಿನ ಅಸ್ಸಾಂ ಕಡೆಗೆ ಹೋಗಿ ಮತ್ಸ್ಯೇಂದ್ರನನ್ನು ಕರೆತಂದರು ಅನ್ನುತ್ತದೆ ಕಥೆ. ಇವತ್ತಿಗೂ ಅವನ ಪೂಜೆ ಶಾಕ್ಯ ಮತ್ತು ವಜ್ರಾಚಾರ್ಯ ಮನೆತನಗಳದ್ದು. ರಥ ಎಳೆಯುವಾಗ ಹಗ್ಗದ ಪಕ್ಕದಲ್ಲಿರುವವನ ಮತ ಯಾರೂ ಕೇಳುವುದಿಲ್ಲ.

ಇದು ನಮಗೆ ತೀರಾ ಹೊಸದೇನಲ್ಲ. ಮಂಗಳೂರಿನ ಕದ್ರಿಯಲ್ಲಿರುವ ಕಂಚಿನ ಲೋಕೇಶ್ವರನನ್ನು 968ರಲ್ಲಿ ಆಳುಪ ದೊರೆ ಕುಂದವರ್ಮ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಈಗ ಅದು ಮಂಜುನಾಥನ ಗುಡಿ, ಪಕ್ಕದಲ್ಲೇ ನಾಥ ಜೋಗಿಗಳ ಮಠ. ಲೋಕೇಶ್ವರ ಅಂದರೆ ಅದೇ ಅವಲೋಕಿತೇಶ್ವರ, ಅಲ್ವಾ? ಅಷ್ಟು ದೂರದ ಎರಡು ಊರುಗಳಲ್ಲಿ ಬೋಧಿಸತ್ವನೂ ನಾಥರೂ ಒಟ್ಟಿಗೇ ಸಿಗುವುದು ನನಗೆ ಯಾವಾಗಲೂ ರೋಮಾಂಚನ ತರುತ್ತದೆ.

ಜೀವಂತ ದೇವಿ ಅಂತ ಪೂಜಿಸುವ ಕಠ್ಮಂಡುವಿನ ಕುಮಾರಿಯದೂ ಇಂಥದ್ದೇ ಕಥೆ. ಅವಳು ಬೌದ್ಧ ಶಾಕ್ಯರ ಮನೆಯ ಪುಟ್ಟ ಹುಡುಗಿ. ಅವಳಲ್ಲಿ ನೆಲೆಸುವವಳು ಮಲ್ಲ ದೊರೆಗಳ ಕುಲದೇವತೆ ತಲೇಜು. ಹಿಂದೂ ರಾಜರು ಅವಳ ಮುಂದೆ ತಲೆಬಾಗಿ ಟೀಕಾ ಇಡಿಸಿಕೊಳ್ಳುತ್ತಿದ್ದರು, ಈಗ ರಾಷ್ಟ್ರಪತಿಗಳು ಹೋಗುತ್ತಾರೆ.

ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತ ಸುಮ್ನೆ ಹೇಳಿಬಿಡಲಾರೆ. ಪ್ರಧಾನಿ ಜಂಗ್ ಬಹದ್ದೂರ್ ರಾಣಾ 1854ರಲ್ಲಿ ತಂದ ಮುಲುಕಿ ಐನ್ ಎಂಬ ಕಾನೂನು ಇಡೀ ದೇಶವನ್ನು ಜಾತಿಯ ಏಣಿಯ ಮೇಲೆ ನಿಲ್ಲಿಸಿತು. ಬೌದ್ಧರಾದ ತಾಮಾಂಗ್ ಎಂಬ ಬೆಟ್ಟದ ಜನಾಂಗದವರನ್ನು ಹೆಂಡ ಕುಡಿಯುವವರು ಅಂತ ಜನಿವಾರದವರಿಗಿಂತ ಎಷ್ಟೋ ಕೆಳಗಿಟ್ಟಿತು. 1944ರಲ್ಲಿ ಥೇರವಾದಿ, ಅಂದರೆ ಶ್ರೀಲಂಕಾ, ಬರ್ಮಾಗಳಲ್ಲಿರುವ ಬೌದ್ಧ ಪಂಥದ ಭಿಕ್ಷುಗಳನ್ನು ದೇಶದಿಂದಲೇ ಹೊರಹಾಕಿದರು. 1962ರ ಸಂವಿಧಾನ ನೇಪಾಳವನ್ನು ಹಿಂದೂ ರಾಜ್ಯ ಎಂದಿತು, ಅದು ಜಾತ್ಯತೀತ ಅಂತ ಘೋಷಣೆಯಾಗಿದ್ದು 2006ರಲ್ಲಿ. ಜಾತ್ರೆಯ ಹಗ್ಗ ಒಂದೇ ಆಗಿದ್ದರೂ ಅರಮನೆಯ ಲೆಕ್ಕದಲ್ಲಿ ಎಲ್ಲರೂ ಒಂದೇ ಆಗಿರಲಿಲ್ಲ.

2021ರ ಜನಗಣತಿಯ ಪ್ರಕಾರ ಇಡೀ ನೇಪಾಳದಲ್ಲಿ ಹಿಂದೂಗಳು ಸುಮಾರು ಶೇ. 81, ಬೌದ್ಧರು ಶೇ. 8. ಆದರೆ ಅಲ್ಲಿ ಬರೆಯಬೇಕಾದದ್ದು ಒಂದೇ ಧರ್ಮ. ಗುಭಾಜು ಕರೆಸಿ ಪೂಜೆ ಮಾಡಿಸುವ, ಶಿವರಾತ್ರಿಗೆ ಪಶುಪತಿಗೂ ಹೋಗುವ ಮನೆಯವರೂ ಅಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.