‘ನಿಮ್’ ಬಾಲದ ಪದಗಳು

ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುವ ನನ್ನಂಥವರ ಮುಂದೆ ಪ್ರತಿ ಬ್ಯಾಚಿನಲ್ಲೂ ಒಂದು ಪಟ್ಟಿ ಬಂದು ಬೀಳುತ್ತದೆ. ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಪಟ್ಟಿ, ಅಂದರೆ ಉದ್ದದ ವಿವರಣೆಗೆ ಬದಲಾಗಿ ಒಂದೇ ಪದ. ಅದರಲ್ಲಿ ‘ನಿಮ್’ ಎಂದು ಮುಗಿಯುವ ಪದಗಳದೇ ಒಂದು ಹಿಂಡು. ಸಿನೋನಿಮ್, ಆಂಟೋನಿಮ್ ಶಾಲೆಯಿಂದಲೇ ಗೊತ್ತು. ಪೇಟ್ರೋನಿಮ್, ಎಕ್ಸೋನಿಮ್, ರೆಟ್ರೋನಿಮ್ ಬಂದವೋ, ಹುಡುಗರು ಉರು ಹೊಡೆಯಲು ಕೂರುತ್ತಾರೆ. ಅದರ ಅಗತ್ಯವೇ ಇಲ್ಲ.

ಬಾಲ ಒಂದೇ. ಗ್ರೀಕ್ ಭಾಷೆಯ ‘ಒನೊಮ’ ಅಂದರೆ ಹೆಸರು. ಅದರದೇ ಇನ್ನೊಂದು ರೂಪದಿಂದ ಈ ‘ಒನಿಮ್’ ಬಂತು. ಸಂಸ್ಕೃತದ ನಾಮ, ಲ್ಯಾಟಿನ್ನಿನ ನೋಮೆನ್, ಇಂಗ್ಲಿಷಿನ ನೇಮ್ ಎಲ್ಲವೂ ಇದರ ದಾಯಾದಿಗಳೇ. ಇನ್ನು ಉಳಿದದ್ದು ಪದದ ಮೊದಲ ಅರ್ಧ ಮಾತ್ರ. ಟೋಪೋಸ್ ಅಂದರೆ ಜಾಗ, ಹಾಗಾಗಿ ಟೋಪೋನಿಮ್ ಅಂದರೆ ಊರಿನ ಹೆಸರು. ಪೇಟರ್ ಅಂದರೆ ತಂದೆ, ಪೇಟ್ರೋನಿಮ್ ಅಂದರೆ ತಂದೆಯಿಂದ ಬಂದ ಹೆಸರು. ಇಂಗ್ಲಿಷಿನ ಜಾನ್ಸನ್ ಮೊದಲು ಜಾನ್‌ನ ಮಗನೇ ಆಗಿದ್ದ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿಯವರನ್ನೇ ನೋಡಿ. ‘ಡಿ’ ದೇವನಹಳ್ಳಿ, ಅದು ಟೋಪೋನಿಮ್. ‘ವಿ’ ತಂದೆ ವೆಂಕಟರಮಣಯ್ಯ, ಅದು ಪೇಟ್ರೋನಿಮ್. ಗುಂಡಪ್ಪ ಮಾತ್ರ ಅವರ ಸ್ವಂತ ಹೆಸರು. ಗುಬ್ಬಿ ವೀರಣ್ಣ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಹೆಸರಿನ ಮುಂದಿರುವುದೂ ಊರೇ. ಮಾಸ್ತಿಯವರು ‘ಶ್ರೀನಿವಾಸ’ ಎಂದೂ ಬರೆಯುತ್ತಿದ್ದರಲ್ಲ, ಅದು ಸ್ಯೂಡೋನಿಮ್. ಸ್ಯೂಡೋ ಅಂದರೆ ಸುಳ್ಳು. ನಮ್ಮ ‘ಕಾವ್ಯನಾಮ’ ಎಷ್ಟು ಮರ್ಯಾದಸ್ಥ ಪದ, ಅಲ್ವಾ?

ಎಕ್ಸೋನಿಮ್ ಅಂದರೆ ಹೊರಗಿನವರು ಇಟ್ಟ ಹೆಸರು. ಆಸ್ಟ್ರೇಲಿಯಾದ ಭೂಗೋಳಜ್ಞ ಮಾರ್ಸೆಲ್ ಔರುಸೊ 1957ರಲ್ಲಿ ಬಳಕೆಗೆ ತಂದ ಪದ ಇದು. ಜರ್ಮನರು ತಮ್ಮ ದೇಶವನ್ನು ಡಾಯ್ಚ್‌ಲಾಂಡ್ ಅನ್ನುತ್ತಾರೆ, ಜರ್ಮನಿ ಅನ್ನುವವರು ನಾವು. ನಮ್ಮೂರಿನ ಕಥೆಯೂ ಇದಕ್ಕೆ ಹತ್ತಿರದ್ದು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ‘ತುಮ್ಕೂರ್’ ಹೋಗಿ ‘ತುಮಕೂರು’ ಬಂತು. ನಮ್ಮೂರಿನ ಕನ್ನಡದ ಬೋರ್ಡುಗಳಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ, ಅಲ್ಲಿ ಮೊದಲಿನಿಂದಲೂ ಹಾಗೆಯೇ ಇತ್ತು.

ನನಗೆ ಇಷ್ಟವಾದದ್ದು ರೆಟ್ರೋನಿಮ್. ಹೊಸ ವಸ್ತು ಬಂದ ಮೇಲೆ ಹಳೆಯ ವಸ್ತುವಿಗೆ ಹೊಸದಾಗಿ ಇಡಬೇಕಾಗಿ ಬರುವ ಹೆಸರು. ಅಮೆರಿಕದ ಫ್ರಾಂಕ್ ಮ್ಯಾಂಕಿವಿಕ್ಸ್ ಕಟ್ಟಿದ ಪದ. 1980ರಲ್ಲಿ ಅಂಕಣಕಾರ ವಿಲಿಯಂ ಸಫೈರ್ ಅದನ್ನು ಜನಕ್ಕೆ ಮುಟ್ಟಿಸಿದರು. ತುಮಕೂರಿನಲ್ಲಿ ಎಚ್‌ಎಂಟಿ ಕಾರ್ಖಾನೆ ಇತ್ತಲ್ಲ, ಅಲ್ಲಿ ತಯಾರಾದ ಮುಳ್ಳಿನ ವಾಚುಗಳನ್ನು ಕಟ್ಟಿಕೊಂಡವರು ಸುಮ್ನೆ ‘ವಾಚ್’ ಅನ್ನುತ್ತಿದ್ದರು. ಡಿಜಿಟಲ್ ವಾಚ್ ಬಂದ ಮೇಲೆ ಅದು ‘ಅನಲಾಗ್ ವಾಚ್’ ಆಯಿತು. ಮೊಬೈಲ್ ಬಂದ ಮೇಲೆ ಮನೆಯ ಫೋನು ‘ಲ್ಯಾಂಡ್‌ಲೈನ್’ ಆಯಿತು. ಕನ್ನಡದಲ್ಲಿ ಇಂಥವು ಬೇಕಾದಷ್ಟಿವೆ. ಫಾರಂ ಕೋಳಿ ಬರುವ ಮೊದಲು ಕೋಳಿ ಬರೀ ಕೋಳಿ. ಆಮೇಲೆ ಅದು ‘ನಾಟಿ ಕೋಳಿ’ ಆಗಿ ರೇಟೂ ಏರಿಸಿಕೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋಗಿ ‘ಬಾವಿ’ ಅಂದರೆ ಯಾವ ಬಾವಿ ಎಂದು ಕೇಳುತ್ತಾರೆ. ಕೊಳವೆ ಬಾವಿ ಎಷ್ಟು ಜಾಸ್ತಿಯಾಯಿತೆಂದರೆ, ಹಳೆಯದನ್ನು ‘ತೆರೆದ ಬಾವಿ’ ಎಂದೇ ಬಿಡಿಸಿ ಹೇಳಬೇಕು. ಕ್ಲಾಸಿನಲ್ಲಿ ಈ ಒಂದು ಉದಾಹರಣೆ ಕೊಟ್ಟರೆ ಸಾಕು. ಆಮೇಲೆ ಹುಡುಗರೇ ‘ನಾಟಿ ಹಸು’, ‘ಆಫ್‌ಲೈನ್ ಕ್ಲಾಸ್’ ಎಂದು ಒಂದೊಂದೇ ಹೇಳತೊಡಗುತ್ತಾರೆ.

ತಲೆನೋವು ತರುವುದು ಬ್ಯಾಕ್ರೋನಿಮ್. ಇರುವ ಪದಕ್ಕೆ ಆಮೇಲೆ ಕುಳಿತು ವಿಸ್ತರಣೆ ಹೊಸೆಯುವುದು. ‘ನ್ಯೂಸ್ ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್’ ಎಂಬ ವಾಟ್ಸಾಪ್ ಮೆಸೇಜು ನಿಮಗೂ ಬಂದಿರಬೇಕು. ಅದು ನಿಜವಲ್ಲ. ‘ನ್ಯೂ’ ಎಂಬುದರ ಬಹುವಚನ ‘ನ್ಯೂಸ್’, ಹೊಸ ವಿಷಯಗಳು, ಅಷ್ಟೇ. ಅಪಾಯದಲ್ಲಿ ಸಹಾಯ ಬೇಡುವ ‘ಎಸ್‌ಒಎಸ್’ ಸಂಕೇತ ಕೂಡ ‘ಸೇವ್ ಅವರ್ ಸೋಲ್ಸ್’ ಅಲ್ಲ. 1906ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮಾವೇಶ ಅದನ್ನು ಆರಿಸಿದ್ದು ಮೋರ್ಸ್ ಸಂಕೇತದಲ್ಲಿ ಸುಲಭವಾಗಿ ಗುರುತು ಸಿಗುತ್ತದೆಂದು. ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿ. ಅರ್ಥ ಆಮೇಲೆ ಅಂಟಿಸಿದ್ದು. ಇಂಗ್ಲಿಷ್ ಪದಕ್ಕೆ ‘ಫುಲ್ ಫಾರ್ಮ್’ ಇದೆ ಎಂದು ಯಾರಾದರೂ ಹೇಳಿದರೆ, ಆ ಪದ ಎಷ್ಟು ಹಳೆಯದು ಎಂದು ಮೊದಲು ನೋಡಿ. ಅಕ್ಷರ ಜೋಡಿಸಿ ಪದ ಕಟ್ಟುವ ಚಟ ಇಂಗ್ಲಿಷಿಗೆ ಜೋರಾಗಿ ಅಂಟಿದ್ದು 20ನೇ ಶತಮಾನದಲ್ಲಿ. ಅದಕ್ಕಿಂತ ನೂರಾರು ವರ್ಷ ಹಳೆಯ ಪದಕ್ಕೆ ಫುಲ್ ಫಾರ್ಮ್ ಹೇಳಿದರೆ ಅನುಮಾನ ಪಡಲೇಬೇಕು.

ಎಪೋನಿಮ್ ಅಂದರೆ ಬೇರೆಯದಕ್ಕೆ ತನ್ನ ಹೆಸರು ಕೊಟ್ಟ ವ್ಯಕ್ತಿ. ಬಾಯ್‌ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಬಾಯ್‌ಕಾಟ್, ಐರ್ಲೆಂಡಿನಲ್ಲಿ ಜಮೀನ್ದಾರರೊಬ್ಬರ ಏಜೆಂಟ್. 1880ರಲ್ಲಿ ಗೇಣಿದಾರರು ಅವನಿಗೆ ಕೆಲಸ ಮಾಡಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಡೆಮೋನಿಮ್, ಅಂದರೆ ಒಂದು ಊರಿನ ಜನರನ್ನು ಕರೆಯುವ ಹೆಸರು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಊರಿಗಾದರೂ ನಾವು ‘ನವರು’ ಸೇರಿಸಿ ಮುಗಿಸುತ್ತೇವೆ. ಇಂಗ್ಲಿಷಿನವರು ಮ್ಯಾಂಚೆಸ್ಟರಿನವರನ್ನು ‘ಮ್ಯಾಂಕ್ಯೂನಿಯನ್’ ಅನ್ನುತ್ತಾರೆ. ಅದು ಅವರ ಕಷ್ಟ.

ಕೊನೆಯದು ಕಾಂಟ್ರೋನಿಮ್. ಒಂದೇ ಪದಕ್ಕೆ ಎದುರುಬದುರು ಅರ್ಥ. ಬ್ಯಾಂಕಿನಲ್ಲಿ ಲೋನ್ ‘ಸ್ಯಾಂಕ್ಷನ್’ ಆದರೆ ಸಿಹಿ ಹಂಚುತ್ತೇವೆ. ಒಂದು ದೇಶದ ಮೇಲೆ ‘ಸ್ಯಾಂಕ್ಷನ್’ ಹೇರಿದರೆ ಅದು ಶಿಕ್ಷೆ. ಲ್ಯಾಟಿನ್ ಮೂಲದಲ್ಲಿ ಅದು ಶಾಸನಕ್ಕೆ ಸಂಬಂಧಿಸಿದ ಪದ. ಶಾಸನ ಒಪ್ಪಿಗೆಯನ್ನೂ ಕೊಡುತ್ತದೆ, ಮುರಿದವರಿಗೆ ದಂಡವನ್ನೂ ಹಾಕುತ್ತದೆ. ಹೀಗೆ ಎರಡೂ ಅರ್ಥ ಉಳಿದುಕೊಂಡವು. ಅಂದಹಾಗೆ ಕಾಂಟ್ರೋನಿಮ್ ಪದದ ತಲೆ ಲ್ಯಾಟಿನ್, ಬಾಲ ಗ್ರೀಕ್. ಮಡಿವಂತ ಪಂಡಿತರಿಗೆ ಈ ಬೆರಕೆ ಹಿಡಿಸುವುದಿಲ್ಲ, ಅವರು ‘ಆಟೋ-ಆಂಟೋನಿಮ್’ ಅನ್ನುತ್ತಾರೆ. ನಮ್ಮ ಹುಡುಗರು ಎರಡರಲ್ಲಿ ಯಾವುದನ್ನು ಹೇಳಿದರೂ ನಾನು ಮಾರ್ಕ್ಸ್ ಕೊಡುತ್ತೇನೆ.